ಹಿಂದಿನ ಸಾಲಿನ ಪ್ರಶ್ನೆ

ಅಪ್ಪ ನಮ್ಮೂರಿನ ಸಹಕಾರಿ ಸಂಘದ ಕಾರ್ಯದರ್ಶಿಯಾಗಿದ್ದರು. ಹಾವೇರಿ ಜಿಲ್ಲೆಯ ಸಣ್ಣ ಊರು. ಜನರ ಬಾಯಲ್ಲಿ ಅದು ಬರೀ ‘ಸೊಸೈಟಿ’. ವರ್ಷಕ್ಕೊಮ್ಮೆ ಗುಡಿಯ ಮುಂದಿನ ಕಟ್ಟೆಯ ಮೇಲೆ ಸರ್ವಸಾಧಾರಣ ಸಭೆ ನಡೆಯುತ್ತಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು ಜಮಾ, ಖರ್ಚು, ಬರಬೇಕಾದ ಬಾಕಿ, ಲಾಭ ಎಂದು ಒಂದೊಂದಾಗಿ ಓದುತ್ತಿದ್ದರು. ಮುಂದಿನ ಸಾಲಿನ ಕುರ್ಚಿಗಳಲ್ಲಿದ್ದವರು ತಲೆಯಾಡಿಸುತ್ತಿದ್ದರು. ಓದಿ ಮುಗಿಸಿ ‘ಮಂಜೂರು’ ಎನ್ನುವಷ್ಟರಲ್ಲಿ ಹಿಂದೆ, ಜಮಖಾನೆಯ ತುದಿಯಲ್ಲಿ ಕೂತವರೊಬ್ಬರು ಎದ್ದು ನಿಲ್ಲುತ್ತಿದ್ದರು. “ಅಲ್ರೀ, ಈ ಸಲ ಗೊಬ್ಬರ ಯಾಕ ತಡ ಆತು ಅನ್ನೋದು ಅದ್ರಾಗ ಬರದಿಲ್ಲಲ್ರೀ?”

ಅಪ್ಪನ ಹತ್ತಿರ ಸರಿಯಾದ ಉತ್ತರ ಇರಲಿ ಬಿಡಲಿ, ಏನಾದರೊಂದು ಹೇಳಲೇಬೇಕಿತ್ತು. ಕೇಳಿದವರು ಸಂಘದ ಸದಸ್ಯರು. ಮೇಲಾಗಿ ಮರುದಿನ ಬೆಳಿಗ್ಗೆ ಅದೇ ಓಣಿಯಲ್ಲಿ ಎದುರಾಗುವವರು.

ಈಗ ನಾನು ಮುಂಬಯಿಯಲ್ಲಿ ಒಂದು ಕಂಪನಿಯ ಸೆಕ್ರೆಟರಿ ವಿಭಾಗದಲ್ಲಿದ್ದೇನೆ. ಒಂದು ಕಾಲಕ್ಕೆ ಗಿರಣಿಗಳಿದ್ದ ಲೋವರ್ ಪರೇಲಿನಲ್ಲಿ ಗಾಜಿನ ಕಟ್ಟಡದ ಹತ್ತನೇ ಮಹಡಿ. ಏಪ್ರಿಲ್ ಬಂತೆಂದರೆ ಊರೆಲ್ಲ ಆಪೂಸ್ ಮಾವಿನ ದರ ವಿಚಾರಿಸುವಾಗ ನಮ್ಮಲ್ಲಿ ವಾರ್ಷಿಕ ವರದಿಯ ಗಡಿಬಿಡಿ. ಅದರಲ್ಲಿ ಹಣದ ಲೆಕ್ಕದ ಪುಟಗಳ ಜೊತೆ ಇನ್ನೊಂದು ದೊಡ್ಡ ಭಾಗವಿರುತ್ತದೆ: ಎಷ್ಟು ನೀರು ಬಳಸಿದೆವು, ಎಷ್ಟು ಹೊಗೆ ಬಿಟ್ಟೆವು, ಎಷ್ಟು ಜನ ಗುತ್ತಿಗೆಯ ಮೇಲಿದ್ದಾರೆ, ಎಷ್ಟು ಜನ ಗಾಯಗೊಂಡರು, ಎಷ್ಟು ದೂರು ಬಂದವು. ಇದಕ್ಕೆ ಸೆಬಿ ಕೊಟ್ಟ ಹೆಸರು ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ. ನಮ್ಮ ಬಾಯಲ್ಲಿ ಬಿಆರ್‌ಎಸ್‌ಆರ್. ಅಪ್ಪ ಒಮ್ಮೆ ಇಲ್ಲಿಗೆ ಬಂದಾಗ ಮೇಜಿನ ಮೇಲಿದ್ದ ಪ್ರತಿಯನ್ನು ಕೈಯಲ್ಲೇ ತೂಗಿ ನೋಡಿ, “ಇಷ್ಟ್ ದಪ್ಪ ಐತಲ್ಲವಾ, ಓದಿ ಕೇಳಾವ್ರು ಯಾರು?” ಎಂದರು.

ನಾನು ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಪುಟಗಳು ನಮ್ಮ ವರದಿಗಳೊಳಗೆ ಬಂದದ್ದು ಹೇಗೆ ಎಂದು ಹಿಂದಕ್ಕೆ ಹುಡುಕುತ್ತಾ ಹೋದೆ. ಅವುಗಳ ಚರಿತ್ರೆ ಕಂಪನಿಗಳ ಒಳ್ಳೆಯತನದ ಚರಿತ್ರೆಯಲ್ಲ, ಬೋರ್ಡಿನ ಕೋಣೆಯಲ್ಲಿ ಯಾರಿದ್ದಾರೆ, ಅವರು ಯಾರಿಗೆ ಉತ್ತರ ಹೇಳಬೇಕು ಎನ್ನುವುದರ ಚರಿತ್ರೆ ಎಂದು ನನಗೆ ಅನ್ನಿಸಿದೆ. ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

*

ಸ್ವಾತಂತ್ರ್ಯಾನಂತರದ ನಮ್ಮ ಕಂಪನಿ ಕಾಯ್ದೆ 1956ರದು. ಅದರ 217ನೇ ಸೆಕ್ಷನ್ ಪ್ರಕಾರ ನಿರ್ದೇಶಕ ಮಂಡಳಿ ಪ್ರತಿವರ್ಷ ಷೇರುದಾರರಿಗೆ ಒಂದು ವರದಿ ಕೊಡಬೇಕು. ಕಂಪನಿಯ ಸ್ಥಿತಿಗತಿ ಏನು, ಡಿವಿಡೆಂಡ್ ಎಷ್ಟು, ಮೀಸಲು ನಿಧಿಗೆ ಎಷ್ಟು. ಕೇಳುವವನು ಷೇರುದಾರ, ಹೇಳುವವರು ನಿರ್ದೇಶಕರು. ಈ ಇಬ್ಬರ ನಡುವಿನ ಮಾತಿನಲ್ಲಿ ಕಾರ್ಮಿಕ, ಗಿರಾಕಿ, ಪಕ್ಕದ ಹಳ್ಳಿ, ಹರಿಯುವ ಹೊಳೆ ಯಾವುದೂ ಬರುವ ಅಗತ್ಯವಿರಲಿಲ್ಲ.

ಬರಬೇಕು ಎಂದು ಸರ್ಕಾರವೇ ನೇಮಿಸಿದ ಒಂದು ಸಮಿತಿ ಹೇಳಿದ್ದು 1978ರಲ್ಲಿ. ತುರ್ತುಪರಿಸ್ಥಿತಿ ಮುಗಿದು ಜನತಾ ಸರ್ಕಾರ ಬಂದ ಹೊಸತು. ಕಂಪನಿ ಕಾಯ್ದೆಯನ್ನೂ ಏಕಸ್ವಾಮ್ಯ ನಿಯಂತ್ರಣ ಕಾಯ್ದೆಯನ್ನೂ ಪರಿಶೀಲಿಸಲು 1977ರ ಜೂನ್‌ನಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. ಮುಂದೆ 2006ರಲ್ಲಿ ಮುಸ್ಲಿಮರ ಸ್ಥಿತಿಗತಿಯ ಬಗ್ಗೆ ವರದಿ ಕೊಟ್ಟ ಅದೇ ಸಾಚಾರ್. 1978ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಅವರ ಸಮಿತಿ ಕಂಪನಿಯ ಹೊಣೆ ಷೇರುದಾರರಿಗೆ ಮಾತ್ರ ಸೀಮಿತವಲ್ಲ ಎಂದಿತು. ಸಾಮಾಜಿಕ ಹೊಣೆಯ ವಿಷಯದಲ್ಲಿ ಏನು ಮಾಡಿದೆವೆಂದು ನಿರ್ದೇಶಕರ ವರದಿಯ ಜೊತೆಗೇ ತಿಳಿಸಬೇಕೆಂದು ಶಿಫಾರಸು ಮಾಡಿತು.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು: ಕಂಪನಿಯ ಆಡಳಿತದಲ್ಲಿ ಕಾರ್ಮಿಕರಿಗೂ ಪಾಲಿರಬೇಕು. ಈ ಎರಡನ್ನೂ ಒಟ್ಟಿಗೆ ಓದಿದರೆ ಸಮಿತಿಯ ತರ್ಕ ತಿಳಿಯುತ್ತದೆ. ಒಳಗೆ ಕೇಳುವವರಿದ್ದರೆ ವರದಿಗೆ ಅರ್ಥ ಬರುತ್ತದೆ. ಆದರೆ ಜನತಾ ಸರ್ಕಾರ ಮರುವರ್ಷವೇ ಬಿದ್ದಿತು. ಸಾಮಾಜಿಕ ವರದಿಯ ಶಿಫಾರಸು ಕಾನೂನಿನ ರೂಪ ಪಡೆಯಲು ಸುಮಾರು 35 ವರ್ಷ ಹಿಡಿಯಿತು. ಕಾರ್ಮಿಕ ನಿರ್ದೇಶಕ ಎಲ್ಲ ಕಂಪನಿಗಳಿಗೂ ಅನ್ವಯಿಸುವ ಕಾನೂನಾಗಿ ಇಂದಿಗೂ ಬಂದಿಲ್ಲ.

ಕಾನೂನು ಬರದಿದ್ದರೂ ಒಂದು ಕಂಪನಿ ತಾನಾಗಿ ಒಂದು ಪ್ರಯೋಗ ಮಾಡಿತು. ಟಾಟಾ ಸ್ಟೀಲ್ 1970ರಲ್ಲಿ ತನ್ನ ನಿಯಮಾವಳಿಗೇ ತಿದ್ದುಪಡಿ ತಂದು, ಗಿರಾಕಿಗಳು, ನೌಕರರು, ಷೇರುದಾರರು, ಸಮಾಜ ಮತ್ತು ಸ್ಥಳೀಯ ಜನರ ಕಡೆಗಿನ ಸಾಮಾಜಿಕ ಮತ್ತು ನೈತಿಕ ಹೊಣೆಯನ್ನು ಅದರಲ್ಲಿ ಸೇರಿಸಿಕೊಂಡಿತ್ತು. ಜೆ.ಆರ್.ಡಿ. ಟಾಟಾ ಅಧ್ಯಕ್ಷರಾಗಿದ್ದಾಗ, 1979ರಲ್ಲಿ, ಈ ಹೊಣೆಯನ್ನು ನಿಜಕ್ಕೂ ನಿಭಾಯಿಸಿದ್ದೇವೆಯೇ ಎಂದು ಪರೀಕ್ಷಿಸಲು ಹೊರಗಿನ ಮೂವರನ್ನು ಕರೆದರು. ಬಾಂಬೆ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಪಿ. ಕೋತವಾಲ್, ರಾಜಕೀಯ ಚಿಂತಕ ರಜನಿ ಕೊಠಾರಿ ಮತ್ತು ಸಂಸದರಾಗಿದ್ದ ಪ್ರೊ. ಪಿ.ಜಿ. ಮಾವಳಂಕರ್. ಅವರ ವರದಿ 1980ರಲ್ಲಿ ಬಂತು. ಭಾರತದ ಮೊದಲ ಸಾಮಾಜಿಕ ಲೆಕ್ಕಪರಿಶೋಧನೆ ಎಂದು ಅದನ್ನು ಕರೆಯುವುದುಂಟು.

ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ನಿಯಮಾವಳಿ ಬದಲಾಯಿತು, ಅಂದರೆ ಬೋರ್ಡು ಇದು ನನ್ನ ಹೊಣೆ ಎಂದು ಒಪ್ಪಿಕೊಂಡಿತು. ವರದಿ ಆಮೇಲೆ ಬಂತು. ಅದನ್ನು ಬರೆದವರೂ ಕಂಪನಿಯ ಸಂಬಳ ಪಡೆಯುವವರಲ್ಲ. ಇಂದು ನಾವು ಆಡಳಿತ ಒಂದು ಅಧ್ಯಾಯ, ಸುಸ್ಥಿರತೆ ಇನ್ನೊಂದು ಅಧ್ಯಾಯ ಎಂದು ಬೇರೆ ಬೇರೆ ಮಾಡಿ ಬರೆಯುತ್ತೇವೆ. ಅಂದು ಜಮ್ಷೆಡ್‌ಪುರದಲ್ಲಿ ಅವೆರಡೂ ಒಂದೇ ಆಗಿದ್ದವು. ಆದರೆ ಅದು ನಿಂತದ್ದು ಮಾಲೀಕರ ಮನಸ್ಸಿನ ಮೇಲೆ. ಅಂಥ ಮನಸ್ಸಿಲ್ಲದ ಕಡೆ ಏನು?

*

ಅದಕ್ಕೆ ಉತ್ತರ 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸಿಕ್ಕಿತು. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ಮೀಥೈಲ್ ಐಸೋಸಯನೇಟ್ ಅನಿಲಕ್ಕೆ ಸಾವಿರಾರು ಜನ ಬಲಿಯಾದರು. ಆ ದುರಂತದ ಕಥೆ ಎಲ್ಲರಿಗೂ ಗೊತ್ತು. ನನ್ನ ವೃತ್ತಿಯ ಕಣ್ಣಿಂದ ನೋಡಿದಾಗ ನನ್ನನ್ನು ಕಾಡುವುದು ಅದರ ಹಿಂದಿನ ಎರಡು ವರ್ಷ.

ಯೂನಿಯನ್ ಕಾರ್ಬೈಡ್ ಇಂಡಿಯಾದಲ್ಲಿ ಅಮೆರಿಕದ ಮಾತೃಸಂಸ್ಥೆಗೆ ಶೇ. 50.9 ಷೇರಿತ್ತು. ಉಳಿದದ್ದು ಭಾರತೀಯರದು. ಅಂದರೆ ಅದು ನಮ್ಮ ಕಾಯ್ದೆಯಡಿ ವಾರ್ಷಿಕ ವರದಿ ಕೊಡುತ್ತಿದ್ದ, ಷೇರುದಾರರ ಸಭೆ ನಡೆಸುತ್ತಿದ್ದ ಕಂಪನಿ. 1982ರ ಮೇ ತಿಂಗಳಲ್ಲಿ ಅಮೆರಿಕದಿಂದ ಬಂದ ತಂಡವೊಂದು ಭೋಪಾಲದ ಘಟಕವನ್ನು ಪರೀಕ್ಷಿಸಿ ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡಿತ್ತು. ಅದೇ ವರ್ಷ ರಾಜ್‌ಕುಮಾರ್ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತ, ಈ ಊರು ಅಪಾಯದಲ್ಲಿದೆ ಎಂದು ತನ್ನ ಸಣ್ಣ ವಾರಪತ್ರಿಕೆಯಲ್ಲಿ ಮತ್ತೆ ಮತ್ತೆ ಬರೆದರು. ವಿಷಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅದು ಕಂಪನಿಯ ಕಡತದಲ್ಲಿತ್ತು, ಊರಿನ ಪತ್ರಿಕೆಯಲ್ಲಿತ್ತು. ಆದರೆ ಗೋಡೆಯಾಚೆಯ ಬಸ್ತಿಯವರಿಗೆ ಅದನ್ನು ತಿಳಿಸಬೇಕಾದ ಕರ್ತವ್ಯ ಯಾರ ಹೆಸರಿನಲ್ಲೂ ಇರಲಿಲ್ಲ.

ಆ ಕೊರತೆಯನ್ನು ತುಂಬಲು ಬಂದದ್ದು ಕಾರ್ಖಾನೆ ಕಾಯ್ದೆಗೆ 1987ರಲ್ಲಾದ ತಿದ್ದುಪಡಿ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಹೆಸರು ಎಲ್ಲರೂ ಹೇಳುತ್ತಾರೆ. ಈ ತಿದ್ದುಪಡಿಯನ್ನು ನೆನೆಯುವವರು ಕಡಿಮೆ. ಅದು ಎರಡು ಕೆಲಸ ಮಾಡಿತು. ಒಂದು, ಅಪಾಯಕಾರಿ ಕಾರ್ಖಾನೆಗಳು ತಮ್ಮಲ್ಲಿರುವ ಅಪಾಯವೇನು, ಅದನ್ನು ತಡೆಯಲು ಏನು ಮಾಡಿದ್ದೇವೆ ಎಂಬುದನ್ನು ಕಾರ್ಮಿಕರಿಗೆ, ಮುಖ್ಯ ಇನ್‌ಸ್ಪೆಕ್ಟರಿಗೆ, ಸ್ಥಳೀಯ ಸಂಸ್ಥೆಗೆ ಮತ್ತು ಸುತ್ತಲಿನ ಜನರಿಗೆ ತಿಳಿಸಲೇಬೇಕು ಎಂದಿತು. ಅದು 41ಬಿ ಸೆಕ್ಷನ್. ಎರಡು, ಕಾರ್ಖಾನೆಯ ‘ಆಕ್ಯುಪೈಯರ್’, ಅಂದರೆ ಕಾನೂನಿನ ಕಣ್ಣಿನಲ್ಲಿ ಅದರ ಅಂತಿಮ ಹೊಣೆಗಾರ, ಕಂಪನಿಯಾದರೆ ಅದರ ನಿರ್ದೇಶಕರಲ್ಲೊಬ್ಬ ಎಂದಿತು.

ಈ ಎರಡನೆಯದಕ್ಕೆ ಕಂಪನಿಗಳಿಂದ ಭಾರೀ ವಿರೋಧ ಬಂತು. ಅಲ್ಲಿಯತನಕ ಕಾರ್ಖಾನೆಯ ಮ್ಯಾನೇಜರನನ್ನೋ ಇನ್ನೊಬ್ಬ ಅಧಿಕಾರಿಯನ್ನೋ ಆಕ್ಯುಪೈಯರ್ ಎಂದು ತೋರಿಸುವುದು ರೂಢಿ. ತಪ್ಪಾದರೆ ಕೋರ್ಟಿಗೆ ಅಲೆಯುವವನು ಅವನು. ತಿದ್ದುಪಡಿಯ ಬಳಿಕವೂ ಹಾಗೇ ತೋರಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಕೋರ್ಟು ಖಂಡಿತವಾಗಿ ಇಲ್ಲ ಎಂದಿತು: ನಿರ್ದೇಶಕನೇ ಆಗಬೇಕು. ಮಾಹಿತಿಯ ಜೊತೆ ಬೋರ್ಡಿನ ಒಬ್ಬ ಮನುಷ್ಯನ ಹೆಸರನ್ನೂ ಕಾನೂನು ಕಟ್ಟಿಹಾಕಿತು. ಭೋಪಾಲದ ಮೊಕದ್ದಮೆಯಲ್ಲಿ ಕಂಪನಿಯ ಅಂದಿನ ಭಾರತೀಯ ಅಧ್ಯಕ್ಷರೂ ಸೇರಿ ಏಳು ಮಂದಿಗೆ ಎರಡು ವರ್ಷಗಳ ಶಿಕ್ಷೆ ಎಂದು ಕೆಳಗಿನ ಕೋರ್ಟು ತೀರ್ಪು ಕೊಟ್ಟದ್ದು 2010ರ ಜೂನ್‌ನಲ್ಲಿ. ಅಷ್ಟರಲ್ಲಿ 25 ವರ್ಷ ದಾಟಿತ್ತು.

*

ಭೋಪಾಲದ ದುರಂತಕ್ಕೆ ಕೆಲವೇ ವಾರ ಮುಂಚೆ, 1984ರ ನವೆಂಬರ್‌ನಲ್ಲಿ, ನಮ್ಮ ಕಡೆ ಸದ್ದಿಲ್ಲದೆ ಒಂದು ಕಂಪನಿ ಹುಟ್ಟಿತು. ಹೆಸರು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್. ರಾಜ್ಯ ಸರ್ಕಾರದ ಪಾಲು ಶೇ. 51, ಹರಿಹರ ಪಾಲಿಫೈಬರ್ಸ್ ಪಾಲು ಶೇ. 49. ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಮುಂತಾದ ಮರ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ.

ಕಂಪನಿಯ ಪುಸ್ತಕದಲ್ಲಿ ಆ ನೆಲ ನೆಡುತೋಪು. ಹಳ್ಳಿಯವರ ಲೆಕ್ಕದಲ್ಲಿ ಅದೇ ನೆಲ ದನ ಮೇಯುವ ಜಾಗ, ಸೌದೆ ಸಿಗುವ ಜಾಗ, ಕುಂಟೆ ರಂಟೆಗೆ ಕಟ್ಟಿಗೆ ತರುವ ಜಾಗ. ಷೇರು ನೂರಕ್ಕೆ ನೂರು ಹಂಚಿಹೋಗಿತ್ತು. ಆ ನೂರರಲ್ಲಿ ಹಳ್ಳಿಗೆ ಒಂದೂ ಇರಲಿಲ್ಲ. ಸಭೆಯಲ್ಲಿ ಕೂರಲಾಗದವರು ಕೋರ್ಟಿಗೆ ಹೋದರು, ಬಯಲಿಗೆ ಇಳಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಹೋರಾಟದಲ್ಲಿ 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಕೆಯಾಯಿತು. ಮೊದಲ ಅರ್ಜಿದಾರರು ಶಿವರಾಮ ಕಾರಂತರು. ಮರುವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ಹಚ್ಚಿದರು. ಆಗ ಅದೆಲ್ಲ ಧಾರವಾಡ ಜಿಲ್ಲೆ. ಈಗ ನಮ್ಮ ಹಾವೇರಿ. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು.

ಸ್ಥಳೀಯ ಸಮುದಾಯದ ಮೇಲೆ ಪರಿಣಾಮ, ಪಾಲುದಾರರೊಡನೆ ಸಮಾಲೋಚನೆ ಎಂಬ ಕಾಲಂಗಳನ್ನು ನಾನು ಈಗ ಪ್ರತಿವರ್ಷ ತುಂಬುತ್ತೇನೆ. ಅಲ್ಲಿಗೆ ಬಂದಾಗಲೆಲ್ಲ ನನಗೆ ಕುಸನೂರು ನೆನಪಾಗುತ್ತದೆ. ವರದಿಯಲ್ಲಿ ಆ ಕಾಲಂ ಇಲ್ಲದ ಕಾಲದಲ್ಲಿ ಜನ ಅದನ್ನು ಬಯಲಿನಲ್ಲಿ ತುಂಬಿದ್ದರು.

ಸರ್ಕಾರ ಸುಮ್ಮನೆ ಕೂತಿರಲಿಲ್ಲ. 1988ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು, ಇಂಧನ ಉಳಿತಾಯಕ್ಕೆ ಏನು ಮಾಡಿದೆವೆಂದು ನಿರ್ದೇಶಕರ ವರದಿಯಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿತು. 1992ರ ಮಾರ್ಚ್‌ನಲ್ಲಿ ಪರಿಸರ ನಿಯಮಗಳಿಗೆ ಒಂದು ಹೊಸ ನಿಯಮ ಸೇರಿತು: ಮಾಲಿನ್ಯ ಮಂಡಳಿಯ ಅನುಮತಿ ಬೇಕಾದ ಪ್ರತಿ ಕಾರ್ಖಾನೆಯೂ ವರ್ಷಕ್ಕೊಮ್ಮೆ ಪರಿಸರ ಆಡಿಟ್ ವರದಿ ಕೊಡಬೇಕು. ಎಷ್ಟು ನೀರು, ಎಷ್ಟು ಕಚ್ಚಾ ಸಾಮಗ್ರಿ, ಎಷ್ಟು ತ್ಯಾಜ್ಯ. ಒಳ್ಳೆಯ ನಮೂನೆ. ಆದರೆ 1993ರ ಏಪ್ರಿಲ್‌ನಲ್ಲಿ ಇನ್ನೊಂದು ಅಧಿಸೂಚನೆ ಬಂದು ‘ಆಡಿಟ್ ವರದಿ’ ಎಂಬುದನ್ನು ತೆಗೆದು ‘ಹೇಳಿಕೆ’ ಎಂದು ಮಾಡಿತು. ಆಡಿಟ್ ಎಂದರೆ ಇನ್ನೊಬ್ಬರು ನೋಡಿ ಹೇಳುವುದು. ಹೇಳಿಕೆ ಎಂದರೆ ನಾನೇ ಹೇಳುವುದು. ಆ ಹೇಳಿಕೆ ಹೋಗುವುದು ಮಾಲಿನ್ಯ ಮಂಡಳಿಯ ಕಚೇರಿಗೆ. ಅದನ್ನು ಬೋರ್ಡಿನ ಮುಂದಿಡಬೇಕೆಂದು ನಿಯಮ ಹೇಳಲಿಲ್ಲ.

*

ಕಂಪನಿ ಆಡಳಿತ ಸುಧಾರಣೆಯ ಹೊಳೆ ಬೇರೆಯೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಅದೇ 1992ರಲ್ಲಿ ಹರ್ಷದ್ ಮೆಹ್ತಾ ಹಗರಣ ಹೊರಬಿತ್ತು; ಇಂಗ್ಲೆಂಡಿನಲ್ಲಿ ಕ್ಯಾಡ್‌ಬರಿ ಸಮಿತಿಯ ವರದಿ ಬಂತು. ಇಲ್ಲಿ 1998ರಲ್ಲಿ ಉದ್ಯಮಿಗಳ ಒಕ್ಕೂಟ ಸಿಐಐ ಒಂದು ಸ್ವಯಂಪ್ರೇರಿತ ಸಂಹಿತೆ ತಂದಿತು. 1999ರಲ್ಲಿ ಸೆಬಿ ಕುಮಾರ ಮಂಗಲಂ ಬಿರ್ಲಾ ನೇತೃತ್ವದಲ್ಲಿ ಸಮಿತಿ ಮಾಡಿತು. 2000ದ ಫೆಬ್ರುವರಿಯಲ್ಲಿ ಷೇರುಪೇಟೆಯ ಒಪ್ಪಂದದಲ್ಲಿ 49ನೇ ಕಲಂ ಸೇರಿತು. ಸ್ವತಂತ್ರ ನಿರ್ದೇಶಕರು, ಆಡಿಟ್ ಸಮಿತಿ ಎಲ್ಲ ಕಡ್ಡಾಯವಾದದ್ದು ಅಲ್ಲಿಂದ.

ಅಮೆರಿಕದ ಎನ್ರಾನ್ ಕುಸಿದ ಮೇಲೆ ಸೆಬಿ ಇನ್ನೊಂದು ಸಮಿತಿ ಮಾಡಿತು. ಅದಕ್ಕೆ ನಮ್ಮ ಎನ್.ಆರ್. ನಾರಾಯಣಮೂರ್ತಿ ಅಧ್ಯಕ್ಷರು. 2003ರ ಫೆಬ್ರುವರಿಯಲ್ಲಿ ಬಂದ ವರದಿಯ ಒಂದು ಶಿಫಾರಸು ನನಗೆ ಮುಖ್ಯವೆನಿಸುತ್ತದೆ: ಕಂಪನಿಯೊಳಗೆ ತಪ್ಪು ಕಂಡ ನೌಕರ ನೇರವಾಗಿ ಆಡಿಟ್ ಸಮಿತಿಗೆ ತಿಳಿಸಲು ದಾರಿ ಇರಬೇಕು, ತಿಳಿಸಿದವನಿಗೆ ರಕ್ಷಣೆ ಇರಬೇಕು. ನನ್ನ ಮಾತಿನಲ್ಲಿ ಹೇಳುವುದಾದರೆ, ಜಮಖಾನೆಯ ತುದಿಯಲ್ಲಿ ಕೂತವನಿಗೆ ಎದ್ದು ನಿಲ್ಲಲು ಅವಕಾಶ. ಆದರೆ 2004ರ ಅಕ್ಟೋಬರ್‌ನಲ್ಲಿ 49ನೇ ಕಲಮಿನ ಪರಿಷ್ಕೃತ ರೂಪ ಬಂದಾಗ ಅದು ಐಚ್ಛಿಕ ಪಟ್ಟಿಯಲ್ಲಿತ್ತು. ಲಿಸ್ಟೆಡ್ ಕಂಪನಿಗಳಿಗೆ ಅದು ಕಡ್ಡಾಯವಾದದ್ದು 2013ರ ಕಾಯ್ದೆಯಲ್ಲಿ.

ಆ ನಡುವೆ ಹೈದರಾಬಾದಿನ ಸತ್ಯಂ ನಡೆಯಿತು.

ಸತ್ಯಂ ಕಂಪ್ಯೂಟರ್ಸ್ ಬೋರ್ಡಿನಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರಿದ್ದರು, ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು. 2008ರ ಸೆಪ್ಟೆಂಬರ್‌ನಲ್ಲಿ ಉತ್ತಮ ಕಂಪನಿ ಆಡಳಿತಕ್ಕೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. ಡಿಸೆಂಬರ್ 16ರಂದು, ಮಾಲೀಕ ಕುಟುಂಬದ್ದೇ ಆದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಇದೇ ಬೋರ್ಡು ಒಪ್ಪಿತು. ಹೂಡಿಕೆದಾರರು ಗದ್ದಲ ಎಬ್ಬಿಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಹಿಂದೆಗೆಯಿತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ ಎಲ್ಲ ಬಯಲಾಯಿತು. ಪುಸ್ತಕದಲ್ಲಿ ತೋರಿಸಿದ 5,040 ಕೋಟಿ ರೂಪಾಯಿ ನಗದು ಇರಲೇ ಇಲ್ಲ.

ನನಗೆ ಇದರಲ್ಲಿ ಬಿಡಿಸಲಾಗದ ಗಂಟು ಒಂದಿದೆ. 108ಕ್ಕೆ ಕರೆ ಮಾಡಿದರೆ ಬರುವ ಆಂಬುಲೆನ್ಸ್ ಸೇವೆ ಶುರುವಾದದ್ದು ಇದೇ ರಾಜು 2005ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಇಎಂಆರ್‌ಐ ಸಂಸ್ಥೆಯಿಂದ. 2008ರ ನವೆಂಬರ್ 1ರಂದು ಅದು ‘ಆರೋಗ್ಯ ಕವಚ’ವಾಗಿ ಕರ್ನಾಟಕಕ್ಕೂ ಬಂತು. ನಮ್ಮೂರಿನ ಎಷ್ಟೋ ಬಾಣಂತಿಯರನ್ನು ಅದೇ ಗಾಡಿ ಹೊತ್ತೊಯ್ದಿದೆ. ಅದು ಸುಳ್ಳಲ್ಲ. ಆ ಕಂಪನಿಯ ಸಾಮಾಜಿಕ ಕೆಲಸ ನಿಜವಾಗಿತ್ತು, ಹಣದ ಲೆಕ್ಕ ಸುಳ್ಳಾಗಿತ್ತು. ಒಳ್ಳೆಯ ಕೆಲಸದ ಪುಟಗಳು ಕಂಪನಿ ಒಳ್ಳೆಯದೆನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಎರಡೂ ಬಗೆಯ ಪುಟಗಳು ಕೊನೆಗೆ ಒಂದೇ ಮೇಜಿನ ಮುಂದೆ ಬರುತ್ತವೆ. ಅಲ್ಲಿ ಕೂತವರು ಕೇಳದಿದ್ದರೆ ಯಾವ ಪುಟವನ್ನೂ ನಂಬುವಂತಿಲ್ಲ.

*

ಸತ್ಯಂ ಆದ ಮೇಲೆ ಎರಡೂ ಹೊಳೆಗಳು ಒಂದನ್ನೊಂದು ಕೂಡತೊಡಗಿದವು. 2009ರ ಡಿಸೆಂಬರ್‌ನಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಕಂಪನಿ ಆಡಳಿತಕ್ಕೊಂದು, ಸಾಮಾಜಿಕ ಹೊಣೆಗೊಂದು, ಹೀಗೆ ಎರಡು ಸ್ವಯಂಪ್ರೇರಿತ ಮಾರ್ಗಸೂಚಿಗಳನ್ನು ಒಟ್ಟಿಗೇ ಹೊರಡಿಸಿತು. 2011ರಲ್ಲಿ ಒಂಬತ್ತು ತತ್ವಗಳ ರಾಷ್ಟ್ರೀಯ ಮಾರ್ಗಸೂಚಿ ಬಂತು. 2012ರ ಆಗಸ್ಟ್‌ನಲ್ಲಿ ಸೆಬಿ ಅತಿದೊಡ್ಡ 100 ಲಿಸ್ಟೆಡ್ ಕಂಪನಿಗಳು ಅದರಂತೆ ವರದಿ ಕೊಡಬೇಕೆಂದಿತು. ನೂರು ಐನೂರಾಯಿತು, ಐನೂರು ಸಾವಿರವಾಯಿತು. 2021ರ ಮೇ ತಿಂಗಳಲ್ಲಿ ಬಂದ ಬಿಆರ್‌ಎಸ್‌ಆರ್, 2022-23ರಿಂದ ಮೊದಲ ಸಾವಿರ ಕಂಪನಿಗಳಿಗೆ ಕಡ್ಡಾಯ.

2013ರ ಕಂಪನಿ ಕಾಯ್ದೆ ಎಂದರೆ ಎಲ್ಲರೂ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆನ್ನುವ 135ನೇ ಸೆಕ್ಷನ್ ಹೇಳುತ್ತಾರೆ. ನನಗೆ ಅದಕ್ಕಿಂತ 166 ದೊಡ್ಡದು. ನಿರ್ದೇಶಕನ ಕರ್ತವ್ಯ ಏನೆಂದು ಹೇಳುವಾಗ ಅದು ಷೇರುದಾರರ ಜೊತೆಗೆ ನೌಕರರನ್ನು, ಸಮುದಾಯವನ್ನು, ಪರಿಸರ ರಕ್ಷಣೆಯನ್ನು ಒಂದೇ ವಾಕ್ಯದಲ್ಲಿ ಸೇರಿಸಿದೆ. ಸಾಚಾರ್ ಸಮಿತಿ 1978ರಲ್ಲಿ ಹೇಳಿದ್ದರ ಅರ್ಧ ಭಾಗ ಕಡೆಗೂ ಕಾನೂನಾಯಿತು. ಬಿಆರ್‌ಎಸ್‌ಆರ್ ನಮೂನೆಯೂ ಈ ವರದಿಗೆ ಹೊಣೆಯಾದ ನಿರ್ದೇಶಕರು ಯಾರು, ಬೋರ್ಡಿನ ಸಮಿತಿ ಯಾವುದು ಎಂದು ಕೇಳುತ್ತದೆ.

ಹೇಳಿದ್ದನ್ನು ಪರೀಕ್ಷಿಸುವವರು ಯಾರು? 2023ರ ಜುಲೈನಲ್ಲಿ ಸೆಬಿ ಕೆಲವು ಮುಖ್ಯ ಅಂಶಗಳನ್ನು ಆರಿಸಿ ‘ಬಿಆರ್‌ಎಸ್‌ಆರ್ ಕೋರ್’ ಎಂದು ಹೆಸರಿಟ್ಟಿತು. ಅವುಗಳಿಗೆ ಹೊರಗಿನವರ ಅಶ್ಯೂರೆನ್ಸ್, ಅಂದರೆ ಖಾತರಿ ಬೇಕು ಎಂದಿತು. ಮೊದಲ ವರ್ಷ 150 ಕಂಪನಿ, ಬರಬರುತ್ತಾ ಸಾವಿರ. 2025ರ ಮಾರ್ಚ್‌ನಲ್ಲಿ ಇನ್ನೊಂದು ಸುತ್ತೋಲೆ ಬಂತು. ‘ಖಾತರಿ’ ಇದ್ದಲ್ಲಿ ‘ಮೌಲ್ಯಮಾಪನ ಅಥವಾ ಖಾತರಿ’ ಎಂದಾಯಿತು. ಖರ್ಚು ಕಡಿಮೆಯಾಗಲಿ, ಸಣ್ಣ ಕಂಪನಿಗಳಿಗೆ ಭಾರವಾಗದಿರಲಿ ಎನ್ನುವ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೂ ಆ ಸುತ್ತೋಲೆ ಓದುವಾಗ ನನ್ನ ಕಣ್ಣಮುಂದೆ ಬಂದದ್ದು 1993ರ ಅಧಿಸೂಚನೆ. ಅಂದೂ ಇಂದೂ ನಮೂನೆಯ ಅಂಕಿಗಳನ್ನು ಯಾರೂ ಮುಟ್ಟಲಿಲ್ಲ. ಸಡಿಲವಾದದ್ದು ಅವುಗಳನ್ನು ಇನ್ನೊಬ್ಬರು ನೋಡುವ ಬಗೆಯನ್ನು ಹೇಳುವ ಪದ ಮಾತ್ರ.

*

ಇಷ್ಟೆಲ್ಲ ಓದಿಕೊಂಡವಳು ಏನು ಮಾಡಿದೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಈಗ ನಾನಿಲ್ಲದ ಒಂದು ಕಂಪನಿಯಲ್ಲಿ, ಅಂಗಳದಲ್ಲಿ ನಿಂತಿದ್ದ ಲಾರಿಗೆ ತಾಡಪಾಲು ಕಟ್ಟುತ್ತಿದ್ದ ಹಮಾಲಿಯೊಬ್ಬ ಮೇಲಿಂದ ಬಿದ್ದು ಸತ್ತ. ಅವನನ್ನು ತಂದವನು ಸಾಗಣೆದಾರನ ಕೈಕೆಳಗಿನ ಗುತ್ತಿಗೆದಾರ. ನಮ್ಮ ವರದಿಯ ಕರಡಿನಲ್ಲಿ ಸಾವು ಎಂಬ ಕಾಲಮಿನ ಮುಂದೆ ಸೊನ್ನೆ ಇತ್ತು. ಗುತ್ತಿಗೆ ಕಾರ್ಮಿಕರೂ ಸೇರಿ ಎಂದು ನಮೂನೆಯಲ್ಲೇ ಅಡಿಟಿಪ್ಪಣಿ ಇದೆಯಲ್ಲ ಎಂದು ನಾನು ಮೇಲಿನವರಿಗೆ ಬರೆದೆ. ಅವನು ನಮ್ಮ ಗುತ್ತಿಗೆಯವನಲ್ಲ, ಸಾಗಣೆದಾರನ ಕಡೆಯವನು ಎಂದು ಉತ್ತರ ಬಂತು. ನಿಯಮದ ಪ್ರಕಾರ ವಾದಿಸಬಹುದಾದ ಉತ್ತರವೇ. ನಾನು ಮತ್ತೆ ಬರೆಯಲಿಲ್ಲ. ಮನೆಯ ಸಾಲದ ಕಂತಿತ್ತು, ಪ್ರಮೋಷನ್ನಿನ ವರ್ಷವಾಗಿತ್ತು. ಯಾವ ಕಾರಣ ಎಷ್ಟು ದೊಡ್ಡದೆಂದು ಈಗ ಅಳೆಯಲಾರೆ.

ಬೋರ್ಡಿನ ಸಮಿತಿಯ ಸಭೆಯಲ್ಲಿ ನಡಾವಳಿ ಬರೆದುಕೊಳ್ಳಲು ನಾನು ಮೂಲೆಯಲ್ಲಿ ಕೂತಿದ್ದೆ. ಪರದೆಯ ಮೇಲೆ ಪುಟಗಳು ಸರಸರ ಹೋಗುತ್ತಿದ್ದವು. ಮರಗಿಡ, ಸೌರ ಫಲಕ, ಶಾಲೆಯ ಮಕ್ಕಳ ಫೋಟೊ. ಸುರಕ್ಷತೆಯ ಪುಟ ಬಂದಾಗ ಒಬ್ಬ ಸ್ವತಂತ್ರ ನಿರ್ದೇಶಕರು, ವಯಸ್ಸಾದವರು, ಕೈ ಎತ್ತಿ ನಿಲ್ಲಿಸಿದರು. “ಸೊನ್ನೆ ಅಂದರೆ ನಮ್ಮ ಕಾಂಪೌಂಡಿನೊಳಗೆ ಈ ವರ್ಷ ಯಾರೂ ಸಾಯಲಿಲ್ಲ ಅಂತ ತಾನೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾರೂ ಮಾತಾಡಲಿಲ್ಲ. ಎಸಿಯ ಸದ್ದು ಕೇಳುವಷ್ಟು ಹೊತ್ತು ಹೋಯಿತು. ಆಮೇಲೆ ಕಾರ್ಖಾನೆಯ ಮುಖ್ಯಸ್ಥರು ಲಾರಿಯ ವಿಷಯ ಹೇಳಿದರು. ಸೊನ್ನೆ ಒಂದಾಯಿತು. ತಾಡಪಾಲು ಕಟ್ಟುವ ಕಡೆ ಕಂಬಿ, ಬೆಲ್ಟು ಹಾಕಲು ಸಮಿತಿ ಹಣ ಮಂಜೂರು ಮಾಡಿತು. ನಡಾವಳಿಯಲ್ಲಿ ಅದು ಎರಡು ಸಾಲು, ಬರೆದವಳು ನಾನು.

ಆ ನಿರ್ದೇಶಕರಿಗೆ ಲಾರಿಯ ವಿಷಯ ಮೊದಲೇ ತಿಳಿದಿತ್ತೋ ಸುಮ್ಮನೆ ಕೇಳಿದರೋ ನಾನು ವಿಚಾರಿಸಲಿಲ್ಲ. ನನಗಂತೂ ತಿಳಿದಿತ್ತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಗೊಬ್ಬರದ ವಿಷಯ ಕೇಳ್ತಿದ್ನಲ್ಲ, ಅಂವ ಎದ್ದ ನಿಂತ್ರ ನನಗ ಸಿಟ್ಟು ಬರ್ತಿತ್ತವಾ,” ಎಂದರು. “ಆದ್ರ ಮುಂದಿನ ವರ್ಷದ ಲಾರಿ ನಾ ಹದಿನೈದು ದಿನ ಮೊದ್ಲ ತರಿಸ್ತಿದ್ದೆ.”